ವಂದನಾರ್ಪಣೆಯ ತ್ಯಾಗರಾಜ

ಕನ್ನಡಿಗರು ನಡೆಸುವ ಸಭೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ವಂದನಾರ್ಪಣೆ ಎಂದು ಕಣ್ಣುಮುಚ್ಚಿ ಹೇಳಬಹುದು. ಸ್ವಾಗತ ಭಾಷಣ ಮಾಡುವವನಿಗೆ ಇನ್ನೂ ದಣಿಯದ ಸಭಿಕರು ಸಿಗುತ್ತಾರೆ. ಅಧ್ಯಕ್ಷರಿಗೆ ದೊಡ್ಡ ಕುರ್ಚಿ ಸಿಗುತ್ತದೆ. ವಂದನಾರ್ಪಣೆಯವನು ಎದ್ದು ನಿಲ್ಲುವ ಹೊತ್ತಿಗೆ ಸಭಿಕರೂ ಎದ್ದು ನಿಂತಿರುತ್ತಾರೆ, ಊಟದ ಕಡೆಗೆ ಮುಖ ಮಾಡಿ. ಅವನು ಮೈಕಿನವರಿಗೆ, ಹೂವಿನವರಿಗೆ, ಉಪ್ಪಿನಕಾಯಿ ತಂದವರಿಗೆ, ಯಾರನ್ನೂ ಬಿಡದೆ ಕೃತಜ್ಞತೆ ಹೇಳುತ್ತಾನೆ. ಅವನಿಗೆ ಹೇಳುವವರು ಯಾರೂ ಉಳಿದಿರುವುದಿಲ್ಲ, ಏಕೆಂದರೆ ಅವನೇ ಕೊನೆ.

ಅಮೆರಿಕದ ರಾಲಿಯ ಸುರಗಿ ಕನ್ನಡ ಕೂಟದ ಕಾರ್ಯದರ್ಶಿ ತ್ಯಾಗರಾಜ ವರ್ಷಗಟ್ಟಲೆ ಹೀಗೆ ಕೊನೆಯವನಾಗಿದ್ದ. ಹೊಟ್ಟೆಪಾಡಿಗೆ ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದರೂ ಅವನ ನಿಜವಾದ ವೃತ್ತಿ ಕುರ್ಚಿ ಹಾಕುವುದು, ಕುರ್ಚಿ ಮಡಿಸುವುದು, ನಡುವೆ ವಂದನೆ ಹೇಳುವುದು. ಕೂಟದ ಅಧ್ಯಕ್ಷರು ಡಾಕ್ಟರ್ ಬಾಲಸುಬ್ರಹ್ಮಣ್ಯ. ಹೃದಯದ ವೈದ್ಯರು, ಈಗಿನ ಸಾಫ್ಟ್‌ವೇರ್ ಹುಡುಗರು ಹುಟ್ಟುವುದಕ್ಕೆ ಮುಂಚೆಯೇ ಅಮೆರಿಕಕ್ಕೆ ಬಂದು ನೆಲೆಸಿದವರು. ಅಧ್ಯಕ್ಷರನ್ನು ಆಗಾಗ ಬದಲಿಸಬಹುದೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ತ್ಯಾಗರಾಜನ ಪ್ರತಿಯೊಂದು ವಂದನಾರ್ಪಣೆಯೂ "ಇದೆಲ್ಲಾ ಸಾಧ್ಯವಾದದ್ದು ನಮ್ಮ ಅಧ್ಯಕ್ಷರಾದ ಡಾಕ್ಟರ್ ಬಾಲಸುಬ್ರಹ್ಮಣ್ಯ ಅವರಿಂದ" ಎಂದೇ ಮುಗಿಯುತ್ತಿತ್ತು. ಒಂದೇ ಒಂದು ಸಲ ಮೈಕಿನಲ್ಲಿ ತನ್ನ ಹೆಸರು ಕೇಳಿಬಂದು, ಜನ ಚಪ್ಪಾಳೆ ತಟ್ಟಿದರೆ ಹೇಗಿರುತ್ತದೆ ಎಂಬ ಆಸೆ ಅವನಿಗಿತ್ತು. ಅದನ್ನು ಹೆಂಡತಿ ಮೈಥಿಲಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದ.

"ನೀವೇ ಹೇಳ್ಕೊಳ್ಳಿ. ಮೈಕ್ ನಿಮ್ಮ ಕೈಲೇ ಇರತ್ತಲ್ಲ" ಅಂದಿದ್ದಳು ಮೈಥಿಲಿ.

"ಛೆ, ಅದು ಚೆನ್ನಾಗಿರಲ್ಲ ಕಣೆ."

ಕೂಟಕ್ಕೆ ಸ್ವಂತ ಸೂರಿರಲಿಲ್ಲ. ಒಂದು ಶಾಲೆಯ ಸಭಾಂಗಣದಲ್ಲಿ ಗಣೇಶನ ಮಂಗಳಾರತಿಯ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡು, ಬೆಂಕಿ ಆರಿಸುವವರು ಪೂರ್ತಿ ವೇಷದಲ್ಲಿ ನುಗ್ಗಿ, ಮಕ್ಕಳು ನಾಟಕಕ್ಕಿಂತ ಹೆಚ್ಚು ಚಪ್ಪಾಳೆ ಅವರಿಗೇ ತಟ್ಟಿದ ಮೇಲೆ ಆ ಬಾಗಿಲು ಮುಚ್ಚಿತು. ಇನ್ನೊಂದು ಕಡೆ ಡಾಕ್ಟರ ಅಧ್ಯಕ್ಷ ಭಾಷಣ ನಡೆಯುತ್ತಿರುವಾಗಲೇ ಕಾವಲುಗಾರ ದೀಪ ಆರಿಸಿ ಮನೆಗೆ ಹೊರಟ. ಡಾಕ್ಟರು ಕತ್ತಲಲ್ಲೇ ಭಾಷಣ ಮುಗಿಸಿದರು. ಕೊನೆಗೆ ಕೈಹಿಡಿದದ್ದು ಸೇಂಟ್ ಆಸ್ವಾಲ್ಡ್ ಎಪಿಸ್ಕೋಪಲ್ ಚರ್ಚು. ಚರ್ಚಿನ ಪಕ್ಕದ ಪ್ಯಾರಿಷ್ ಹಾಲ್ ಅನ್ನು ಅವರು ಬಿಟ್ಟಿಯಾಗಿಯೇ ಬಿಟ್ಟುಕೊಟ್ಟಿದ್ದರು. ಅದರ ಬೀಗದ ಕೈ ತ್ಯಾಗರಾಜನ ಬಳಿ ಇತ್ತು. ಅವನಿಗಿದ್ದ ಅಧಿಕಾರ ಅದೊಂದೇ. ಸೆಪ್ಟೆಂಬರಿನ ಗಣೇಶನ ಹಬ್ಬ ಅಲ್ಲೇ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಈ ಹಾಲ್ ಕೂಡ ಕೈತಪ್ಪಿದರೆ ಕಾರ್ಯದರ್ಶಿಯನ್ನೂ ಬದಲಾಯಿಸಬೇಕಾಗುತ್ತದೆ ಎಂದು ಡಾಕ್ಟರು ನಗುನಗುತ್ತಲೇ ಹೇಳಿದ್ದರು.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ಬೇಸಗೆ ಅದು. ಜೂನ್ ತಿಂಗಳ ಒಂದು ಭಾನುವಾರ ಚರ್ಚಿನ ಪಾದ್ರಿ ಹೆಲೆನ್ ಅವನನ್ನು ಅಂಗಳದಲ್ಲಿ ತಡೆದು ನಿಲ್ಲಿಸಿದರು. ಹೆಂಗಸೊಬ್ಬರು ಪಾದ್ರಿಯಾಗಿರುವುದು ಕೂಟದ ಹಿರಿಯರಿಗೆ ಇನ್ನೂ ಅರಗಿರಲಿಲ್ಲ. ತ್ಯಾಗರಾಜನಿಗೆ ಮಾತ್ರ ಅವರನ್ನು ಕಂಡರೆ ಗೌರವ. ಅವನ ಹೆಸರನ್ನು ಅರ್ಧದವರೆಗೆ ಹೇಳಿ ಉಳಿದದ್ದನ್ನು ನಗೆಯಲ್ಲಿ ಮುಗಿಸುವುದು ಅವರ ಪದ್ಧತಿ.

"ಬೇಸಗೆಯ ಶನಿವಾರಗಳಲ್ಲಿ ನಮ್ಮ ಹಾಲ್‌ನಲ್ಲಿ ಮಧ್ಯಾಹ್ನದ ಊಟ ಹಾಕುತ್ತೇವೆ," ಎಂದರು ಹೆಲೆನ್. "ಮನೆಯಿಲ್ಲದವರು, ಕೆಲಸ ಕಳೆದುಕೊಂಡವರು, ಒಂಟಿ ಮುದುಕರು, ಯಾರು ಬಂದರೂ ಸರಿ. ಜುಲೈನಲ್ಲಿ ನಮ್ಮ ಚರ್ಚಿನವರೆಲ್ಲ ಸಮುದ್ರದ ಕಡೆ ಹೊರಟುಬಿಡುತ್ತಾರೆ. ಒಂದು ಶನಿವಾರ ನಿಮ್ಮ ಗುಂಪು ನಡೆಸಿಕೊಡಬಹುದೆ? ನಾಲ್ಕೈದು ಜನ ಬಂದರೆ ಸಾಕು. ಬಡಿಸುವುದು, ಅವರ ಜೊತೆ ಕೂತು ಉಣ್ಣುವುದು. ಅಷ್ಟೇ."

ತ್ಯಾಗರಾಜ ಸಂತೋಷದಿಂದ ಒಪ್ಪಿಕೊಂಡ. ಕಷ್ಟ ಇದ್ದದ್ದು ಡಾಕ್ಟರಿಗೆ ಹೇಳುವುದರಲ್ಲಿ. ಬಡಿಸಲು ಬನ್ನಿ ಎಂದರೆ ಅವರು ಬರುವವರಲ್ಲ. ಅವರು ಬರದಿದ್ದರೆ ಸಮಿತಿಯವರು ಯಾರೂ ಬರುವುದಿಲ್ಲ. ಕೊನೆಗೆ ಸೌಟು, ಪಾತ್ರೆ, ಪಾತ್ರೆ ತೊಳೆಯುವುದು ಎಲ್ಲ ತನ್ನ ಮತ್ತು ಮೈಥಿಲಿಯ ತಲೆಗೆ. ಆದ್ದರಿಂದ ಫೋನಿನಲ್ಲಿ ವಿಷಯವನ್ನು ಕೊಂಚ ತಿದ್ದಿ ಹೇಳಿದ.

"ಸಾರ್, ಚರ್ಚ್‌ನವರು ನಮ್ಮ ಕೂಟಕ್ಕೇ ಅಂತ ಒಂದು ಪ್ರೋಗ್ರಾಂ ಕೊಟ್ಟಿದ್ದಾರೆ ಸಾರ್. ಅಧ್ಯಕ್ಷರು ಬರ್ಲೇಬೇಕಂತೆ."

"ಹೌದಾ? ಏನು ಪ್ರೋಗ್ರಾಂ?"

"ಊಟ ಇರತ್ತೆ ಸಾರ್."

"ಊಟ ಎಲ್ಲಾ ಕಡೆ ಇರತ್ತಯ್ಯ. ಸ್ಟೇಜ್ ಇದ್ಯಾ?"

"ಇದೆ ಸಾರ್."

ಹಾಲ್‌ನಲ್ಲಿ ವೇದಿಕೆ ಇದ್ದದ್ದು ನಿಜ. ಮುಂದಿನ ಮೂರು ನಾಲ್ಕು ವಾರ ತ್ಯಾಗರಾಜ ಡಾಕ್ಟರಿಗೆ ಹೇಳಿದ ನಿಜ ಅದೊಂದೇ.

ಸಮಿತಿ ಕ್ಯಾರಿಯಲ್ಲಿರುವ ಡಾಕ್ಟರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿತು. ಉಪಾಧ್ಯಕ್ಷ ಗುರುಸಿದ್ದಪ್ಪನವರು ಸಭಾಮರ್ಯಾದೆಯಲ್ಲಿ ಎತ್ತಿದ ಕೈ. ವೇದಿಕೆಯ ಮೇಲೆ ಯಾರು ಯಾರ ಬಲಕ್ಕೆ ಕೂರಬೇಕೆಂಬ ವಿಚಾರದಲ್ಲಿ ಅವರು ಹಳೆಯ ಸ್ನೇಹಿತರನ್ನೇ ಬಿಟ್ಟುಕೊಟ್ಟವರು.

"ಪ್ರಾರ್ಥನೆ ಶಾರದಾ ಮೇಡಂ," ಎಂದು ಗುರುಸಿದ್ದಪ್ಪ ಡಾಕ್ಟರ ಹೆಂಡತಿಯ ಕಡೆ ಕೈ ಮಾಡಿದರು. "ಆಮೇಲೆ ದೀಪ ಬೆಳಗೋದು. ಸ್ವಾಗತ ನಾನು. ಚೀಫ್ ಗೆಸ್ಟ್‌ಗೆ ಸನ್ಮಾನ, ಅವರ ಭಾಷಣ, ಅಧ್ಯಕ್ಷರ ಭಾಷಣ. ವಂದನಾರ್ಪಣೆ ತ್ಯಾಗರಾಜ. ಆಮೇಲೆ ಊಟ."

"ಊಟ ಮೊದ್ಲು ಹಾಕಿದ್ರೆ ಹೇಗೆ?" ತ್ಯಾಗರಾಜ ಮೆಲ್ಲಗೆ ಕೇಳಿದ. "ಬರೋವ್ರು ಸ್ವಲ್ಪ ಹಸ್ಕೊಂಡಿರ್ತಾರೆ."

"ಊಟ ಮೊದ್ಲು ಹಾಕಿದ್ರೆ ಭಾಷಣ ಯಾರ್ರೀ ಕೇಳ್ತಾರೆ?"

ಉಳಿದದ್ದು ಮುಖ್ಯ ಅತಿಥಿಯ ಪ್ರಶ್ನೆ. ಆ ಸ್ಥಾನಕ್ಕೆ ಒಪ್ಪುವ ಹಿರಿಯರೆಲ್ಲ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನ ನೆಂಟರ ಮನೆಗಳಲ್ಲಿ ಕಾರ್ಪೆಟ್ಟಿನ ಮೇಲೆ ಮಲಗಿ ಒಲಿಂಪಿಕ್ಸ್ ನೋಡಲು ಹೊರಟಿದ್ದರು. ಆಗ ಶಾರದಾ ಮೇಡಂ, "ಚರ್ಚ್ ಪ್ರೋಗ್ರಾಂ ಅಲ್ವಾ? ಅವರ ಬಿಷಪ್ಪನ್ನೇ ಕರೀಬಹುದಲ್ಲ" ಎಂದರು. ಬೇಸ್‌ಮೆಂಟಿನಲ್ಲಿದ್ದವರೆಲ್ಲ ಭಕ್ತಿಯಿಂದ ನೆಟ್ಟಗೆ ಕೂತರು.

"ಮೈಸೂರು ಪೇಟ ಇದೆ, ಗಂಧದ ಹಾರ ಇದೆ," ಎಂದರು ಡಾಕ್ಟರು. "ತ್ಯಾಗರಾಜ, ವಿಚಾರಿಸು."

ತ್ಯಾಗರಾಜ ವಿಚಾರಿಸಲೆಂದೇ ಹೋದ. ಹೆಲೆನ್ ಟೊಮೇಟೊ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರ ಮಣ್ಣಾದ ಕೈ ನೋಡಿದ ಮೇಲೆ ಬಿಷಪ್ಪು, ಪೇಟ, ಹಾರ ಯಾವುದೂ ಬಾಯಿಂದ ಹೊರಡಲಿಲ್ಲ. "ಊಟಕ್ಕೆ ಮುಂಚೆ ಒಂದು ಪುಟ್ಟ ಪ್ರಾರ್ಥನೆ, ನಾಲ್ಕು ಮಾತು ಇಟ್ಟುಕೊಳ್ಳಬಹುದೆ?" ಎಂದಷ್ಟೇ ಕೇಳಿದ.

"ಖಂಡಿತ! ಊಟಕ್ಕೆ ಮುಂಚೆ ಪ್ರಾರ್ಥನೆ ನಮ್ಮಲ್ಲೂ ಉಂಟು," ಎಂದರು ಹೆಲೆನ್, ಬಹಳ ಸಂತೋಷಪಟ್ಟು. ಅವರ ಪ್ರಾರ್ಥನೆ ಒಂದೇ ಉಸಿರಿನದು ಎಂದು ತ್ಯಾಗರಾಜನಿಗೆ ಗೊತ್ತಿರಲಿಲ್ಲ. ನಮ್ಮದು ಎಷ್ಟು ಉಸಿರಿನದು ಎಂದು ಅವರಿಗೆ ಗೊತ್ತಿರಲಿಲ್ಲ.

ಸಂಜೆಯೇ ಡಾಕ್ಟರ ಫೋನ್ ಬಂತು. "ಬಿಷಪ್ ಏನಂದ್ರಯ್ಯ?"

"ನೋಡೋಣ ಅಂದ್ರಂತೆ ಸಾರ್."

ನಮ್ಮವರು ನೋಡೋಣ ಎಂದರೆ ಬರುವುದಿಲ್ಲ ಎಂದು ಹಸುಗೂಸಿಗೂ ಗೊತ್ತು. ಆದರೆ ಅಮೆರಿಕನ್ನರು ಮಾತಿಗೆ ತಪ್ಪುವವರಲ್ಲ ಎಂಬುದು ಡಾಕ್ಟರ ದೃಢವಾದ ನಂಬಿಕೆ. ಮಾರನೆಯ ದಿನದ ಹೊತ್ತಿಗೆ ಬಿಷಪ್ ಬರುವುದು ಖಾಯಂ ಎಂದು ಊರೆಲ್ಲ ಸುದ್ದಿಯಾಗಿತ್ತು. ಷಾರ್ಲೆಟ್‌ನ ಕನ್ನಡಿಗರು ಹೊಟ್ಟೆಕಿಚ್ಚು ತಾಳಲಾರದೆ ಫೋನ್ ಮಾಡಿ ಅಭಿನಂದಿಸಿದರು.

"ಬಿಷಪ್ ನಿಜವಾಗ್ಲೂ ಬರ್ತಾರಾ?" ಮೈಥಿಲಿ ಕೇಳಿದಳು.

"ಇಲ್ಲ."

"ಮತ್ತೆ?"

"ಕೊನೇ ಗಳಿಗೇಲಿ ಬರಕ್ಕಾಗ್ಲಿಲ್ಲ ಅಂದ್ರಾಯ್ತು. ಚೀಫ್ ಗೆಸ್ಟ್ ಬರದೇ ಇರೋದೇನು ಹೊಸದಾ?"

ಮೈಥಿಲಿ ಅವನ ಮುಖವನ್ನೇ ನೋಡಿ, ಶನಿವಾರದ ಊಟದ ಬಿಸಿಬೇಳೆಭಾತಿಗೆ ಬೇಳೆ ಅಳೆಯಲು ಹೋದಳು.

ಆ ಶನಿವಾರ ಬೆಳಗ್ಗೆ ಹಾಲ್‌ನ ಏರ್ ಕಂಡೀಷನರ್ ಪ್ರಾಣ ಬಿಟ್ಟಿತು. ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಒಳಗೆ ಬಂದದ್ದು ಕ್ಯಾರೊಲೈನಾದ ಬಿಸಿಲೇ. ಹೆಲೆನ್ ಬಾಗಿಲಲ್ಲಿ ಏಪ್ರನ್ ಮತ್ತು ತಲೆಗೂದಲಿಗೆ ಹಾಕುವ ಬಲೆ ಹಿಡಿದು ಕಾದಿದ್ದರು. ಕಾರುಗಳಿಂದ ಸೂಟು ಬೂಟು, ಜರಿ ಸೀರೆಗಳು ಇಳಿದವು. ಮಲ್ಲಿಗೆ ಮುಡಿದ ತಲೆಗೆ ಬಲೆ ಹಾಕಲು ಶಾರದಾ ಮೇಡಂ ಒಪ್ಪಲಿಲ್ಲ. ಡಾಕ್ಟರು ಹೆಲೆನ್ ಕೈಯಲ್ಲಿದ್ದ ಏಪ್ರನ್ ನೋಡಿ, ಸನ್ಮಾನ ಬಾಗಿಲಲ್ಲೇ ಶುರುವಾಯಿತೆಂದು ತಿಳಿದು ತಲೆ ಬಾಗಿಸಿದರು. ಹೆಲೆನ್ ತೊಡಿಸಿದರು. ಅದರ ಮೇಲೆ ಹುರಿದ ಕೋಳಿಯ ಚಿತ್ರವಿತ್ತು.

ಉಣ್ಣಲು ಬಂದವರು ಮೇಜುಗಳ ಸುತ್ತ ಕೂತಿದ್ದರು. ಎಲ್ಲರಿಗಿಂತ ಮುಂದೆ ಅರ್ನೆಸ್ಟ್ ಎಂಬ ಮುದುಕ. ಬಿಳಿ ಗಡ್ಡ ಎದೆಯವರೆಗೆ ಇಳಿದಿತ್ತು. ಬಿಚ್ಚಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಆ ಸೆಖೆಯಲ್ಲೂ ಉದ್ದನೆಯ ಕಪ್ಪು ಕೋಟು ತೊಟ್ಟಿದ್ದ. ಕುತ್ತಿಗೆಯಲ್ಲಿ ಭಾನುವಾರದ ಶಾಲೆಯ ಮಕ್ಕಳು ಮಾಡಿಕೊಟ್ಟ ಮರದ ಶಿಲುಬೆ. ಅಡುಗೆಮನೆಯಿಂದ ತುಪ್ಪದ ವಾಸನೆ ತೇಲಿ ಬಂದಾಗ ಅವನು ಫೋರ್ಕ್ ಕೈಗೆತ್ತಿಕೊಂಡ.

ಶಾರದಾ ಮೇಡಂ ಪ್ರಾರ್ಥನೆ ಶುರುಮಾಡಿದರು. ಪಲ್ಲವಿಗೆ ಮರಳಿದಾಗಲೆಲ್ಲ ಮುಗಿಯಿತೆಂದು ಜನ ಫೋರ್ಕ್ ಎತ್ತುತ್ತಿದ್ದರು. ಮತ್ತೊಂದು ಚರಣ ಹಿಡಿದಾಗ ಇಳಿಸುತ್ತಿದ್ದರು. ಆಮೇಲೆ ದೀಪ. ದೀಪದ ನೆತ್ತಿಗೆ ಸರಿಯಾಗಿ ಹೊಗೆ ಕಂಡರೆ ಕಿರುಚುವ ಯಂತ್ರ. ಹಿಂದಿನ ಅನುಭವ ನೆನೆದು ತ್ಯಾಗರಾಜ ಕುರ್ಚಿಯ ಮೇಲೆ ಹತ್ತಿ, ಎರಡು ಕೈಯಲ್ಲೂ ಪೇಪರ್ ಪ್ಲೇಟ್ ಹಿಡಿದು ಆ ಯಂತ್ರಕ್ಕೆ ಗಾಳಿ ಬೀಸುತ್ತ ನಿಂತ. ಇದೂ ಪೂಜೆಯ ಭಾಗವೆಂದು ತಿಳಿದು ಕೆಲವರು ಟೋಪಿ ತೆಗೆದರು. ಡಾಕ್ಟರು ಫೋಟೋ ಸರಿಯಾಗಿ ಬರಲಿ ಎಂದು ಪ್ರತಿ ಬತ್ತಿಯನ್ನೂ ಎರಡೆರಡು ಸಲ ಹೊತ್ತಿಸಿದರು.

ಗುರುಸಿದ್ದಪ್ಪನವರು ಸ್ವಾಗತವನ್ನು ಕದಂಬರಿಂದ ಆರಂಭಿಸಿದರು. ಇಂಗ್ಲಿಷಿನಲ್ಲಿ ಚಾಲುಕ್ಯರು ಬಂದರು, ಹೊಯ್ಸಳರು ಬಂದರು, ಊಟ ಬರಲಿಲ್ಲ. ವಿಜಯನಗರದ ಹೊತ್ತಿಗೆ ಮಿಸೆಸ್ ಕೋಲ್ ಎಂಬ ಅಜ್ಜಿ ಮೇಜಿನ ಮೇಲೆ ತಲೆಯಿಟ್ಟುಬಿಟ್ಟಳು. ಹೆಲೆನ್ ನೀರು ತಂದು ಅವಳ ಮುಖಕ್ಕೆ ಚಿಮುಕಿಸುತ್ತ, ಇನ್ನೆಷ್ಟು ಹೊತ್ತು ಎಂದು ತ್ಯಾಗರಾಜನಿಗೆ ಸನ್ನೆ ಮಾಡಿದರು. ಅವನು ಎರಡು ಬೆರಳು ತೋರಿಸಿದ. ವೇದಿಕೆಯಿಂದ ಡಾಕ್ಟರು ಖಾಲಿ ಕುರ್ಚಿ ತೋರಿಸಿ, ಬಿಷಪ್ ಎಲ್ಲಿ ಎಂದು ಸನ್ನೆ ಮಾಡಿದರು. ಅವರಿಗೂ ಅದೇ ಎರಡು ಬೆರಳು ತೋರಿಸಿದ.

ಆಗ ಅರ್ನೆಸ್ಟ್ ಎದ್ದ. ಊಟ ಇದೆಯೋ ಇಲ್ಲವೋ ಎಂದು ಕೇಳಿಯೇಬಿಡೋಣವೆಂದು ನಿಧಾನವಾಗಿ ವೇದಿಕೆಯ ಮೆಟ್ಟಿಲು ಹತ್ತಿದ. ಕಪ್ಪು ನಿಲುವಂಗಿ, ಬಿಳಿ ಗಡ್ಡ, ಎದೆಯ ಮೇಲೆ ಶಿಲುಬೆ. ಗುರುಸಿದ್ದಪ್ಪ ಟಿಪ್ಪುವನ್ನು ಅರ್ಧಕ್ಕೇ ಬಿಟ್ಟು ಕೈಮುಗಿದರು.

"ಬಂದ್ರು! ಏಳಿ ಸಾರ್, ಬಂದ್ರು!"

ತ್ಯಾಗರಾಜ ಕುರ್ಚಿಯಿಂದ ಇಳಿಯುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅರ್ನೆಸ್ಟ್‌ನ ಮೇಲೆ ಹಾರ ಬಿತ್ತು, ಶಾಲು ಬಿತ್ತು, ತಲೆಗೆ ಮೈಸೂರು ಪೇಟ ಕೂತಿತು. ಶಾರದಾ ಮೇಡಂ ಹಣ್ಣಿನ ಬುಟ್ಟಿ ಕೊಟ್ಟರು. ಡಾಕ್ಟರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟು, ಎರಡು ಮಾತಾಡಬೇಕೆಂದು ಬೇಡಿಕೊಂಡರು. ಅರ್ನೆಸ್ಟ್ ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿಯುತ್ತ ಮೈಕಿನ ಮುಂದೆ ಬಂದ.

"ನನಗೆ ಭಾಷಣ ಬರುವುದಿಲ್ಲ," ಎಂದ. "ಅಡುಗೆ ಆರಿಹೋಗುತ್ತಿದೆ. ಊಟ ಮಾಡ್ರಪ್ಪ."

ಕೂಟದ ಇತಿಹಾಸದಲ್ಲಿ ಯಾವ ಮುಖ್ಯ ಅತಿಥಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಇಡೀ ಹಾಲ್ ಎದ್ದು ಅಡುಗೆಮನೆಯ ಕಡೆ ನುಗ್ಗಿತು. ಅಧ್ಯಕ್ಷ ಭಾಷಣದ ಕಾಗದ ಕೈಯಲ್ಲಿ ಹಿಡಿದು ಡಾಕ್ಟರು ನಿಂತೇ ಇದ್ದರು. ಅಷ್ಟರಲ್ಲಿ ಹೆಲೆನ್ ಅಲ್ಲಿಗೆ ಬಂದು, "ಅರ್ನೆಸ್ಟ್! ರಾಜನ ಹಾಗೆ ಕಾಣುತ್ತಿದ್ದೀಯಲ್ಲ! ಮೊನ್ನೆ ಮಳೆ ಬಂದಾಗ ಎಲ್ಲಿ ಮಲಗಿದ್ದೆ?" ಎಂದರು.

"ಬಸ್ ನಿಲ್ದಾಣದಲ್ಲಿ," ಎಂದ ಅರ್ನೆಸ್ಟ್.

ಡಾಕ್ಟರು ತ್ಯಾಗರಾಜನ ಕಡೆ ತಿರುಗಿದರು. "ಬಿಷಪ್ ಎಲ್ಲಯ್ಯ?"

"ಬಿಷಪ್ಪಿಗೆ ಈ ವಿಷಯಾನೇ ಗೊತ್ತಿಲ್ಲ ಸಾರ್."

"ನನ್ ಭಾಷಣ?"

"ಎಲ್ರೂ ಊಟಕ್ಕೆ ಎದ್ಬಿಟ್ರು ಸಾರ್."

ಮೊದಲನೆಯದನ್ನು ಡಾಕ್ಟರು ಹೇಗೋ ಕ್ಷಮಿಸುತ್ತಿದ್ದರೇನೋ. ಎರಡನೆಯದನ್ನು ಕ್ಷಮಿಸುವುದು ಅವರಿಂದ ಸಾಧ್ಯವಿರಲಿಲ್ಲ. "ಇವತ್ತಿಂದ ನೀನು ಸೆಕ್ರೆಟರಿ ಅಲ್ಲ. ಬೀಗದ ಕೈ ಮನೆಗೆ ತಂದ್ಕೊಡು," ಎಂದು ಕೋಳಿಯ ಏಪ್ರನ್ ಕಿತ್ತೆಸೆದು ಹೊರಟರು. ಅವರ ಹಿಂದೆ ಶಾರದಾ ಮೇಡಂ, ಅವರ ಹಿಂದೆ ಗುರುಸಿದ್ದಪ್ಪ, ಅವರ ಹಿಂದೆ ಇಡೀ ಸಮಿತಿ ಹೊರಟಿತು.

ಸೌಟು ಹಿಡಿದು ನಿಂತ ತ್ಯಾಗರಾಜನ ಪಕ್ಕಕ್ಕೆ ಹೆಲೆನ್ ಬಂದರು. ಮುಖದಲ್ಲಿ ನಗೆ ಇತ್ತು. "ಊಟ ಒಂದು ಗಂಟೆ ತಡವಾಯಿತು, ಈ ಬಿಸಿಲಿನಲ್ಲಿ. ಮಿಸೆಸ್ ಕೋಲ್ ಬಿದ್ದೇಬಿಡುತ್ತಿದ್ದರು. ಸೆಪ್ಟೆಂಬರ್ ವಿಷಯ ನಮ್ಮ ಚರ್ಚಿನ ಸಮಿತಿ ಇನ್ನೊಮ್ಮೆ ಯೋಚಿಸಬೇಕಾಗುತ್ತದೆ." ಅಮೆರಿಕನ್ನರು ಇಷ್ಟು ಚೆನ್ನಾಗಿ ನಕ್ಕು ಹೇಳಿದರೆ ಅದು ಮುಗಿದ ಮಾತು. ಹಾಲ್ ಹೋಯಿತು, ಗಣೇಶ ಬೀದಿಗೆ ಬಿದ್ದ, ತನ್ನ ಕೆಲಸವೂ ಹೋಯಿತು. ತ್ಯಾಗರಾಜನಿಗೆ ಅಳುವೇ ಬಂತು. ಆದರೆ ಎದುರಿಗೆ ತಟ್ಟೆಗಳ ಸಾಲು ನಿಂತಿದ್ದರಿಂದ ಅಳಲು ಪುರುಸೊತ್ತಾಗಲಿಲ್ಲ.

ಅವನೂ ಮೈಥಿಲಿಯೂ ಬಡಿಸಿದರು. ಅವನಿಗೆ ಗೊತ್ತಿದ್ದ ಬಡಿಸುವ ರೀತಿ ಒಂದೇ, ಮದುವೆ ಮನೆಯದು. ಸಾಕು ಎಂದವರಿಗೆ ಇನ್ನೊಂದು ಸೌಟು. ತಟ್ಟೆಗೆ ಕೈ ಅಡ್ಡ ಹಿಡಿದವರಿಗೆ ಸಂದಿಯಲ್ಲಿ ಇನ್ನೊಂದು ಸೌಟು. "ಇಷ್ಟೇನಾ? ಇನ್ನೊಂಚೂರು, ಇನ್ನೊಂಚೂರು" ಎಂದು ಕನ್ನಡದಲ್ಲೇ ಉಪಚಾರ ಮಾಡುತ್ತ ಮೇಜಿನಿಂದ ಮೇಜಿಗೆ ಓಡಾಡಿದ. ಮಿಸೆಸ್ ಕೋಲ್‌ಗೆ ತುಪ್ಪ ಹಾಕಿ ಕಲಸಿಕೊಟ್ಟ. ಆ ಜನ ಇಷ್ಟು ಸಾಕೆಂದು ಅಳೆದು ಕೊಡುವವರನ್ನು ಬಹಳ ಕಂಡಿದ್ದರು. ಬೇಡವೆಂದರೂ ಬಡಿಸುವವನನ್ನು ಕಂಡದ್ದು ಇದೇ ಮೊದಲು. ಹಾಲ್‌ನಲ್ಲಿ ನಗು ಹಬ್ಬಿತು.

ಎರಡನೇ ಸಲ ಬಡಿಸಿಕೊಂಡು ಮುಗಿಸಿದ ಅರ್ನೆಸ್ಟ್, ತಲೆಯ ಮೇಲಿನ ಪೇಟ ಸರಿಮಾಡಿಕೊಂಡು ಮತ್ತೆ ವೇದಿಕೆ ಹತ್ತಿದ. ಕುರ್ಚಿಯ ರುಚಿ ಅವನಿಗೂ ಹತ್ತಿತ್ತೆಂದು ಕಾಣುತ್ತದೆ.

"ಒಂದು ಮಾತು," ಎಂದ ಮೈಕಿನಲ್ಲಿ. "ಇವತ್ತು ಇಲ್ಲಿ ಬಹಳ ಜನ ಬಹಳ ಮಾತಾಡಿದರು. ಈ ಮನುಷ್ಯನ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಳಗ್ಗೆ ನಾನು ಬಂದಾಗ ಕುರ್ಚಿ ಹಾಕುತ್ತಿದ್ದವನು ಇವನೇ. ಮೇಲೆ ಹತ್ತಿ ಗಾಳಿ ಬೀಸಿದವನು ಇವನೇ. ಬಡಿಸಿದವನೂ ಇವನೇ. ಬಾರಪ್ಪ ಇಲ್ಲಿ."

ಎಲ್ಲರೂ ತಿರುಗಿ ನೋಡಿದರು. ತ್ಯಾಗರಾಜ ಬೆವರು ಒರೆಸಿಕೊಂಡು, ಸೌಟು ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ವೇದಿಕೆ ಹತ್ತಿದ. ಅರ್ನೆಸ್ಟ್ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದ.

"ಈ ಊಟಕ್ಕೆ ನಾವು ಯಾರಿಗೆ ಥ್ಯಾಂಕ್ಸ್ ಹೇಳಬೇಕು? ಹೆಸರು ಹೇಳು. ಜೋರಾಗಿ ಹೇಳು."

ಮೈಥಿಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಇಷ್ಟು ವರ್ಷ ಕಾದ ಗಳಿಗೆ ಇದೇ ಎಂದು ತ್ಯಾಗರಾಜನಿಗೂ ಗೊತ್ತಾಯಿತು. ಮೈಕು ಎದುರಿಗಿತ್ತು. ಬಾಯಿ ತೆರೆದ. ಅದು ತನಗೆ ಬಾಯಿಪಾಠವಿದ್ದದ್ದನ್ನು ತಾನೇ ಹೇಳಿತು, ಇಂಗ್ಲಿಷಿನಲ್ಲಿ ಎಂಬುದಷ್ಟೇ ವ್ಯತ್ಯಾಸ.

"ಇದೆಲ್ಲಾ ಸಾಧ್ಯವಾದದ್ದು ನಮ್ಮ ಅಧ್ಯಕ್ಷರಾದ ಡಾಕ್ಟರ್ ಬಾಲಸುಬ್ರಹ್ಮಣ್ಯ ಅವರಿಂದ."

ಮಾಡು ಹಾರಿಹೋಗುವಂಥ ಚಪ್ಪಾಳೆ ಬಿತ್ತು. ಜನ ಮೇಜು ಗುದ್ದಿದರು, ಕಾಲು ಬಡಿದರು, "ಡಾಕ್ಟರ್! ಡಾಕ್ಟರ್!" ಎಂದು ಕೂಗಿದರು. ತೆರೆದ ಬಾಗಿಲುಗಳಿಂದ ಆ ಕೂಗು ಪಾರ್ಕಿಂಗ್ ಜಾಗದವರೆಗೂ ಹೋಯಿತು. ಸಿಟ್ಟುಮಾಡಿಕೊಂಡು ಹೊರಟವರು ಕಾರಿನ ಬಳಿ ನಿಂತು, ಯಾರಾದರೂ ಬಂದು ಕರೆಯಲೆಂದು ಕಾಯುವುದು ನಮ್ಮಲ್ಲಿ ರೂಢಿ. ಡಾಕ್ಟರೂ ಹಾಗೆಯೇ ಕಾಯುತ್ತಿದ್ದರು. ಒಬ್ಬರು ಕರೆದಿದ್ದರೂ ಸಾಕಿತ್ತು, ಇಡೀ ಸಭೆಯೇ ಕರೆಯುತ್ತಿತ್ತು. ಟೈ ಸರಿಮಾಡಿಕೊಂಡು ಒಳಗೆ ಬಂದರು, ಹಿಂದೆ ಸಮಿತಿ ಬಂತು.

ಅರ್ನೆಸ್ಟ್ ತನ್ನ ಪೇಟವನ್ನೇ ತೆಗೆದು ಡಾಕ್ಟರ ತಲೆಗಿಟ್ಟ. ಮಿಸೆಸ್ ಕೋಲ್ ಡಾಕ್ಟರ ಕೆನ್ನೆಗೆ ಮುತ್ತು ಕೊಟ್ಟಳು. ಹೆಲೆನ್ ಕಣ್ಣೊರೆಸಿಕೊಂಡು, "ಡಾಕ್ಟರ್, ನಮ್ಮ ಜನ ಹೀಗೆ ನಕ್ಕದ್ದನ್ನು ನಾನು ಕಂಡೇ ಇಲ್ಲ. ತಡವಾದದ್ದನ್ನು ಮರೆತುಬಿಡೋಣ. ಸೆಪ್ಟೆಂಬರಿಗೆ ಹಾಲ್ ನಿಮ್ಮದೇ" ಎಂದರು. ಡಾಕ್ಟರು ಕಾಗದ ಬಿಡಿಸಿ ಅಧ್ಯಕ್ಷ ಭಾಷಣ ಓದಿದರು. ಹೊಟ್ಟೆ ತುಂಬಿದ್ದರಿಂದ ಯಾರಿಗೂ ಎದ್ದು ಹೋಗುವ ಶಕ್ತಿ ಇರಲಿಲ್ಲ.

"ಬೀಗದ ಕೈ ನಿನ್ ಹತ್ರಾನೇ ಇರ್ಲಿ," ಎಂದರು ಡಾಕ್ಟರು ಕಾರು ಹತ್ತುವಾಗ, ದೊಡ್ಡ ಮನಸ್ಸು ಮಾಡಿ. "ಆದ್ರೆ ಮುಂದಿನ್ ಸಲ ಸ್ವಲ್ಪ ಆರ್ಗನೈಸ್ಡ್ ಆಗಿರ್ಬೇಕಯ್ಯ."

"ಆಗ್ಲಿ ಸಾರ್. ಥ್ಯಾಂಕ್ಸ್ ಸಾರ್," ಎಂದು ತ್ಯಾಗರಾಜ ಕುರ್ಚಿ ಮಡಿಸಲು ಒಳಗೆ ಹೋದ.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಖಾಲಿ ಪಾತ್ರೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಮೈಥಿಲಿ ಹಿಂದಕ್ಕೆ ಕೈಚಾಚಿ ಮುಚ್ಚಳವೊಂದನ್ನು ಸರಿಮಾಡಿದಳು.

"ನಿಮ್ಮ ಹೆಸ್ರು ನಿಮಗೆ ಜ್ಞಾಪಕ ಇದ್ಯಾ?" ಎಂದು ಕೇಳಿದಳು.

"ಇದೆ ಕಣೆ," ಎಂದ ತ್ಯಾಗರಾಜ. "ಆ ಹೊತ್ತಿಗೆ ಬಾಯಿಗೆ ಬರ್ಲಿಲ್ಲ."

"ಈಗ ಹೇಳಿ. ನಾನಾದ್ರೂ ಕೇಳ್ತೀನಿ."

ಅವನು ಒಂದು ಸಲ ಗಂಟಲು ಸರಿಮಾಡಿಕೊಂಡು ಹೇಳಿದ. ಅದೇ ಹೊತ್ತಿಗೆ ಕಾರು ಹಳ್ಳವೊಂದಕ್ಕೆ ಇಳಿದು, ಬಿಸಿಬೇಳೆಭಾತಿನ ದೊಡ್ಡ ಪಾತ್ರೆ ದಡಾರನೆ ಉರುಳಿ ಬಿತ್ತು.

"ಏನಂದ್ರಿ?" ಎಂದಳು ಮೈಥಿಲಿ.

"ಏನಿಲ್ಲ," ಎಂದ ತ್ಯಾಗರಾಜ.